ಒಂದು ಹಸು ಕೆಡವಿದ ಸಂತೆ

ನಮ್ಮ ದನದ ಸಂತೆಗಳಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಕೊಳ್ಳುವವನ ಕೈ ಮತ್ತು ದಲ್ಲಾಳಿಯ ಕೈ ಟವೆಲಿನ ಅಡಿಯಲ್ಲಿ ಸೇರುತ್ತವೆ. ಬೆರಳು ಹಿಡಿದು, ಮಡಿಸಿ, ಬಿಟ್ಟು ವ್ಯಾಪಾರ ಕುದುರುತ್ತದೆ. ಹಲ್ಲು, ಸುಳಿ, ಕೊಂಬು, ನಡಿಗೆ ಎಲ್ಲವನ್ನೂ ನೋಡಿ ಕಟ್ಟಿದ ಈ ಲೆಕ್ಕವನ್ನು ಒಂದೇ ದಿನದಲ್ಲಿ ತಲೆಕೆಳಗು ಮಾಡುವುದು ಒಂದಿದೆ. ಅದು ರೋಗದ ಸುದ್ದಿ.

2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ಜಾನುವಾರು ಸಂತೆ, ಜಾತ್ರೆಗಳನ್ನು ನಿಲ್ಲಿಸಿದ್ದು ಓದುಗರಿಗೆ ನೆನಪಿರಬಹುದು. ರೋಗ ತಗುಲಿದ ಕೊಟ್ಟಿಗೆಯವರ ಕಷ್ಟ ಒಂದು ಬಗೆಯದು. ಆದರೆ ರೋಗವೇ ಕಾಲಿಡದ ಊರಿನ ರೈತನೂ ಎತ್ತು ಮಾರಲಾಗದೆ ಕುಳಿತಿದ್ದ. ಸತ್ತ ದನಗಳ ಲೆಕ್ಕ ಪಶುಸಂಗೋಪನಾ ಇಲಾಖೆಯ ಕಡತದಲ್ಲಿ ಸಿಗುತ್ತದೆ. ಸಾಯದೆ ಉಳಿದು ಬೆಲೆ ಕಳೆದುಕೊಂಡ ದನಗಳ ಲೆಕ್ಕವನ್ನು ಇಡುವವರು ಯಾರು?

ಈ ಪ್ರಶ್ನೆಗೆ ಇತಿಹಾಸದಲ್ಲಿ ಸಿಗುವ ಅತ್ಯಂತ ಸ್ಪಷ್ಟವಾದ ಉತ್ತರ ಕೆನಡಾ ದೇಶದ್ದು. ಅಲ್ಲಿ 2003ರಲ್ಲಿ ಕಾಯಿಲೆ ಬಿದ್ದದ್ದು ಒಂದೇ ಒಂದು ಹಸು. ಬೆಲೆ ಬಿದ್ದದ್ದು ಮಾತ್ರ ದೇಶದ ಎಲ್ಲ ದನಗಳದ್ದು.

ಆಲ್ಬರ್ಟಾದ ಹಸು

ಕೆನಡಾದ ಪಶ್ಚಿಮ ಭಾಗದಲ್ಲಿರುವ ಆಲ್ಬರ್ಟಾ ಪ್ರಾಂತ ದನ ಸಾಕಣೆಗೆ ಹೆಸರಾದದ್ದು. 2003ರ ಜನವರಿ 31ರಂದು ಅಲ್ಲಿನ ಒಂದು ಕಸಾಯಿಖಾನೆಗೆ ಬಂದ ಆಂಗಸ್ ತಳಿಯ ಹಸುವೊಂದು ಸರಿಯಾಗಿ ನಿಲ್ಲುತ್ತಿರಲಿಲ್ಲ. ಸರ್ಕಾರಿ ತಪಾಸಣಾಧಿಕಾರಿ ಅದಕ್ಕೆ ನ್ಯುಮೋನಿಯಾ ಇರಬೇಕೆಂದು ಭಾವಿಸಿ, ಮಾಂಸ ಮನುಷ್ಯರ ಆಹಾರಕ್ಕೆ ಯೋಗ್ಯವಲ್ಲವೆಂದು ತಳ್ಳಿಹಾಕಿದ. ಮಾಂಸ ಯಾರ ತಟ್ಟೆಗೂ ಹೋಗಲಿಲ್ಲ. ತಲೆಯನ್ನು ಮಾತ್ರ ಪ್ರಾಂತದ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಸಂಶಯವೇನೂ ಇರಲಿಲ್ಲವಾದ್ದರಿಂದ ಅದು ಸರದಿಯಲ್ಲಿ ಹಿಂದೆ ಬಿತ್ತು. ಮೂರೂವರೆ ತಿಂಗಳ ಬಳಿಕ, ಮೇ ತಿಂಗಳಲ್ಲಿ ಪರೀಕ್ಷೆಯಾಯಿತು. ಫಲಿತಾಂಶ ನೋಡಿ ಗಾಬರಿಯಾದ ಅಧಿಕಾರಿಗಳು ಮಾದರಿಯನ್ನು ಮೊದಲು ವಿನಿಪೆಗ್ ನಗರಕ್ಕೆ, ಅಲ್ಲಿಂದ ಇಂಗ್ಲೆಂಡಿನ ವೇಬ್ರಿಜ್‌ನಲ್ಲಿರುವ ಪ್ರಯೋಗಾಲಯಕ್ಕೆ ಕಳಿಸಿದರು. ಮೇ 20ರಂದು ಕೃಷಿ ಸಚಿವ ಲೈಲ್ ವ್ಯಾನ್‌ಕ್ಲಿಫ್ ಅದನ್ನು ಪ್ರಕಟಿಸಿದರು: ಹಸುವಿಗೆ ಇದ್ದದ್ದು ಬಿಎಸ್‌ಇ, ಅಂದರೆ ಜನ ಕರೆಯುವ ‘ಹುಚ್ಚು ಹಸು’ ರೋಗ.

ಅದೇ ದಿನ ಅಮೆರಿಕ ತನ್ನ ಗಡಿ ಮುಚ್ಚಿತು. ಬೆನ್ನಲ್ಲೇ ಜಪಾನ್, ದಕ್ಷಿಣ ಕೊರಿಯಾ, ಮೆಕ್ಸಿಕೊ ಸೇರಿದಂತೆ ಮೂವತ್ತಕ್ಕೂ ಹೆಚ್ಚು ದೇಶಗಳು ಕೆನಡಾದ ದನ ಮತ್ತು ದನದ ಮಾಂಸ ಬೇಡವೆಂದವು. ಆ ಹಸುವಿನ ಜತೆಗಿದ್ದ, ಅದರ ಸಂಬಂಧವಿದ್ದ ಮಂದೆಗಳನ್ನೆಲ್ಲ ಹುಡುಕಿ ಸುಮಾರು 2,700 ದನಗಳನ್ನು ಕೊಂದು ಪರೀಕ್ಷಿಸಲಾಯಿತು. ಅವುಗಳಲ್ಲಿ ಒಂದಕ್ಕೂ ರೋಗವಿರಲಿಲ್ಲ. ಆದರೂ ಬಾಗಿಲುಗಳು ತೆರೆಯಲಿಲ್ಲ.

ಇಷ್ಟು ಭಯವೇಕೆ?

ಭಯಕ್ಕೆ ಕಾರಣವಿತ್ತು. ಅದಕ್ಕಾಗಿ ಬ್ರಿಟನ್ನಿನ ಕಥೆಯನ್ನು ಸ್ವಲ್ಪ ನೋಡಬೇಕು. 1986ರ ನವೆಂಬರಿನಲ್ಲಿ ಇದೇ ವೇಬ್ರಿಜ್‌ನ ವಿಜ್ಞಾನಿಗಳು ಈ ಹೊಸ ರೋಗವನ್ನು ಗುರುತಿಸಿದ್ದರು. ದನದ ಮೆದುಳು ಸ್ಪಂಜಿನಂತೆ ತೂತುತೂತಾಗುತ್ತಿತ್ತು. ಮೂಲ ಹುಡುಕಿದಾಗ ಸಿಕ್ಕಿದ್ದು ಪಶು ಆಹಾರ. ಸತ್ತ ಪ್ರಾಣಿಗಳ ಮಾಂಸ ಮತ್ತು ಮೂಳೆಯನ್ನು ಬೇಯಿಸಿ ಪುಡಿ ಮಾಡಿ ಹಿಂಡಿಯಂತೆ ದನಗಳಿಗೆ ತಿನ್ನಿಸಲಾಗುತ್ತಿತ್ತು. ಹುಲ್ಲು ತಿನ್ನುವ ಪ್ರಾಣಿಗೆ ತನ್ನ ಜಾತಿಯ ಮೂಳೆಯನ್ನೇ ಉಣಿಸಿದ ಈ ಉಳಿತಾಯದ ಬುದ್ಧಿ ಎಂಥದೋ! ಈ ರೋಗ ಕಾಲುಬಾಯಿ ರೋಗದಂತೆ ಒಂದು ದನದಿಂದ ಪಕ್ಕದ ದನಕ್ಕೆ ಗಾಳಿಯಲ್ಲಿ ಹರಡುವುದಿಲ್ಲ. ಕೆಟ್ಟ ಆಹಾರವೇ ಅದರ ದಾರಿ. 1988ರ ಜುಲೈನಲ್ಲಿ ಅಂಥ ಆಹಾರವನ್ನು ನಿಷೇಧಿಸಲಾಯಿತು. ಆದರೆ ರೋಗ ಹೊರಗೆ ಕಾಣಿಸಲು ವರ್ಷಗಳೇ ಹಿಡಿಯುವುದರಿಂದ 1992ರ ಒಂದೇ ವರ್ಷದಲ್ಲಿ 36 ಸಾವಿರಕ್ಕೂ ಹೆಚ್ಚು ದನಗಳಲ್ಲಿ ಅದು ಕಂಡಿತು.

ಆ ವರ್ಷಗಳಲ್ಲಿ ಸರ್ಕಾರ ಹೇಳುತ್ತಿದ್ದುದು ಒಂದೇ ಮಾತು: ಬ್ರಿಟಿಷ್ ದನದ ಮಾಂಸ ಸುರಕ್ಷಿತ. 1990ರಲ್ಲಿ ಕೃಷಿ ಸಚಿವ ಜಾನ್ ಗಮ್ಮರ್ ಕ್ಯಾಮೆರಾಗಳ ಮುಂದೆ ತಮ್ಮ ಪುಟ್ಟ ಮಗಳಿಗೆ ದನದ ಮಾಂಸದ ಬರ್ಗರ್ ತಿನ್ನಿಸಲು ಹೋದರು. 1996ರ ಮಾರ್ಚ್ 20ರಂದು ಆರೋಗ್ಯ ಸಚಿವ ಸ್ಟೀಫನ್ ಡೊರೆಲ್ ಸಂಸತ್ತಿನಲ್ಲಿ ಎದ್ದು ನಿಂತು, ಮನುಷ್ಯರ ಮೆದುಳನ್ನು ಕಾಡುವ ಹೊಸ ಬಗೆಯ ರೋಗದ ಹತ್ತು ಪ್ರಕರಣಗಳಿಗೆ ಈ ದನದ ರೋಗವೇ ಕಾರಣವಾಗಿರುವ ಸಂಭವವಿದೆ ಎಂದರು. ಮರುದಿನದಿಂದಲೇ ಶಾಲೆಗಳ ಊಟದಿಂದ ದನದ ಮಾಂಸ ಮಾಯವಾಗತೊಡಗಿತು. ಕೆಲವೇ ದಿನಗಳಲ್ಲಿ ಅಂಗಡಿಗಳ ಮಾರಾಟ ಮೂರನೇ ಒಂದಂಶಕ್ಕಿಂತ ಹೆಚ್ಚು ಕುಸಿಯಿತು. ಮಾರ್ಚ್ 27ರಂದು ಯೂರೋಪಿಯನ್ ಒಕ್ಕೂಟ ಬ್ರಿಟಿಷ್ ದನ ಜಗತ್ತಿನ ಯಾವ ಮೂಲೆಗೂ ಹೋಗಬಾರದೆಂದು ನಿಷೇಧ ಹೇರಿತು. ಅದು ಪೂರ್ತಿಯಾಗಿ ತೆರವಾದದ್ದು 2006ರಲ್ಲಿ.

ಇಲ್ಲೊಂದು ಸಂಗತಿ ಗಮನಿಸಬೇಕು. ಬ್ರಿಟನ್ನಿನ ಕೊಟ್ಟಿಗೆಗಳಲ್ಲಿ ರೋಗ ತುತ್ತತುದಿ ತಲುಪಿದ್ದು 1992-93ರಲ್ಲಿ. ಧಾರಣೆ ಮುರಿದುಬಿದ್ದದ್ದು 1996ರಲ್ಲಿ, ರೋಗ ಸಾಕಷ್ಟು ಇಳಿಮುಖವಾದ ಮೇಲೆ. ದನಕ್ಕೆ ರೋಗ ಬಂದಾಗ ಬೀಳದ ಬೆಲೆ, ಮನುಷ್ಯನಿಗೆ ಭಯ ಬಂದಾಗ ಬಿತ್ತು. ಬ್ರಿಟನ್ನಿನಲ್ಲಿ ಈ ರೋಗ 178 ಜನರ ಪ್ರಾಣ ತೆಗೆದಿದೆ. ಆದ್ದರಿಂದ ಜನರ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಸುಳ್ಳು ಭರವಸೆ ಕೇಳಿ ಕೇಳಿ ಬೇಸತ್ತ ಜನ ಕೊನೆಗೆ ನಿಜವಾದ ಭರವಸೆಯನ್ನೂ ನಂಬಲಿಲ್ಲ, ಅಷ್ಟೆ. ಕೆನಡಾದ ಒಂದು ಹಸುವಿನ ಸುದ್ದಿ ಜಗತ್ತಿಗೆ ಮುಟ್ಟಿದ್ದು ಈ ಹಿನ್ನೆಲೆಯಲ್ಲಿ.

ಬೆಲೆ ಬಿದ್ದ ಬಗೆ

2002ರಲ್ಲಿ ಕೆನಡಾದಿಂದ ಅಮೆರಿಕಕ್ಕೆ ಸುಮಾರು 17 ಲಕ್ಷ ಜೀವಂತ ದನಗಳು ಲಾರಿಯಲ್ಲಿ ಹೋಗಿದ್ದವು. ಇದಲ್ಲದೆ ಕಡಿದ ಮಾಂಸವೂ ಹೋಗುತ್ತಿತ್ತು. ದೇಶದ ಒಟ್ಟು ಉತ್ಪಾದನೆಯಲ್ಲಿ ಅರ್ಧಕ್ಕೂ ಹೆಚ್ಚು ಹೊರಗಿನವರ ಹೊಟ್ಟೆಗೇ. ಮೇ 20ರ ಸಂಜೆ ಈ ಕಾಲುವೆಗೆ ಒಡ್ಡು ಬಿತ್ತು. ನೀರು ಹಿಂದಕ್ಕೆ ಏರಿತು. ಪೌಂಡಿಗೆ ಒಂದು ಕೆನಡಾ ಡಾಲರಿನ ಆಸುಪಾಸಿನಲ್ಲಿದ್ದ ಕೊಬ್ಬಿದ ಹೋರಿಯ ಧಾರಣೆ ಬೇಸಿಗೆ ಮುಗಿಯುವುದರೊಳಗೆ 40 ಸೆಂಟಿಗಿಂತ ಕೆಳಗೆ ಇಳಿಯಿತು. ಹಾಲು ಬತ್ತಿದ ಮುದಿ ಹಸುಗಳನ್ನು ಕೇಳುವವರೇ ಇಲ್ಲವಾದರು.

ಕೆನಡಾದ ಜನ ಹೆದರಿ ಮಾಂಸ ಬಿಟ್ಟರೇ? ಇಲ್ಲ. ಇದೇ ಈ ಪ್ರಕರಣದ ವಿಶೇಷ. ಪ್ರಧಾನಿ ಜಾನ್ ಕ್ರೇತಿಯೆನ್ ಒಟ್ಟಾವದ ಹೋಟೆಲಿನಲ್ಲಿ ಎಲ್ಲರ ಎದುರು ಸ್ಟೇಕ್ ತಿಂದು ತೋರಿಸಿದರು. ಅದರ ಪರಿಣಾಮವೋ, ರೈತರ ಮೇಲಿನ ಅಭಿಮಾನವೋ, 2003ರಲ್ಲಿ ಕೆನಡಾದ ಜನ ಹಿಂದಿನ ವರ್ಷಕ್ಕಿಂತ ಹೆಚ್ಚೇ ದನದ ಮಾಂಸ ತಿಂದರು. ಅಂದರೆ ಬ್ರಿಟನ್ನಿನಲ್ಲಿ ಬೆಲೆ ಬಿದ್ದದ್ದು ಗಿರಾಕಿ ಹೆದರಿದ್ದರಿಂದಲೂ ಹೌದು. ಕೆನಡಾದಲ್ಲಿ ಗಿರಾಕಿ ಹೆದರದೆಯೂ ಬೆಲೆ ಬಿತ್ತು. ಬೀಳಿಸಿದ್ದು ಮುಚ್ಚಿದ ಗಡಿ.

ಬೆಲೆ ಇಳಿದಾಗ ತಡೆದು ಮಾರಬಾರದೇ ಎಂದು ಕೇಳಬಹುದು. ರಾಗಿಯನ್ನು ಹಗೇವಿನಲ್ಲಿಟ್ಟು ಕಾಯಬಹುದು. ಕೊಬ್ಬಿಸಿದ ಹೋರಿಯ ವಿಷಯ ಹಾಗಲ್ಲ. ಆಲ್ಬರ್ಟಾದಲ್ಲಿ ಫೀಡ್‌ಲಾಟ್ ಎಂಬ ಬಯಲು ದೊಡ್ಡಿಗಳಿವೆ. ಒಂದೊಂದರಲ್ಲಿ ಸಾವಿರಾರು ಹೋರಿಗಳನ್ನು ಕೂಡಿ ಬಾರ್ಲಿ ತಿನ್ನಿಸಿ ಕೊಬ್ಬಿಸುತ್ತಾರೆ. ಹದಕ್ಕೆ ಬಂದ ಮೇಲೆ ಮಾರಿಬಿಡಬೇಕು. ಇಟ್ಟುಕೊಂಡರೆ ದಿನವೂ ಮೇವಿನ ಖರ್ಚು, ಜತೆಗೆ ಕೊಬ್ಬು ಮಿತಿಮೀರಿ ಮಾಂಸದ ದರ್ಜೆಯೂ ಇಳಿಯುತ್ತದೆ. ಮೂವತ್ತು ತಿಂಗಳು ದಾಟಿದರಂತೂ ಹೊಸ ನಿಯಮದಂತೆ ಅದು ‘ಅಪಾಯದ ವಯಸ್ಸಿನ’ ದನವಾಗುತ್ತಿತ್ತು. ಕೊಂದು ಶೇಖರಿಸೋಣವೆಂದರೆ ಅಷ್ಟು ದನ ಕಡಿಯುವ ಕಾರ್ಖಾನೆಗಳೂ ದೇಶದಲ್ಲಿರಲಿಲ್ಲ. ಅದಕ್ಕಾಗಿಯೇ ಲಕ್ಷಗಟ್ಟಲೆ ದನ ಗಡಿ ದಾಟುತ್ತಿದ್ದವು. ಇದ್ದ ಕೆಲವೇ ಬೃಹತ್ ಕಾರ್ಖಾನೆಗಳ ಗೇಟಿನ ಮುಂದೆ ಈಗ ಇಡೀ ದೇಶದ ದನ ಸಾಲುಗಟ್ಟಿದವು. ಸಾಲು ಉದ್ದವಿದ್ದಾಗ ಬೆಲೆ ಹೇಳುವವನು ಗೇಟಿನ ಒಳಗಿರುವವನು.

ಸರ್ಕಾರ ಸುಮ್ಮನೆ ಕೂರಲಿಲ್ಲ. 2003ರ ಜೂನ್‌ನಲ್ಲಿ ಕೇಂದ್ರ ಮತ್ತು ಪ್ರಾಂತ ಸರ್ಕಾರಗಳು ಸೇರಿ 46 ಕೋಟಿ ಡಾಲರಿನ ಪರಿಹಾರ ಯೋಜನೆ ಘೋಷಿಸಿದವು. ಬಿದ್ದ ಬೆಲೆಗೂ ನ್ಯಾಯವಾದ ಬೆಲೆಗೂ ಇರುವ ಅಂತರದ ಬಹುಪಾಲನ್ನು ತುಂಬಿಕೊಡುವುದು ಇದರ ಉದ್ದೇಶ. ಷರತ್ತೊಂದಿತ್ತು: ಗಡುವಿನೊಳಗೆ ದನವನ್ನು ಕಸಾಯಿಖಾನೆಗೆ ಕೊಟ್ಟಿರಬೇಕು. ಎಲ್ಲರೂ ಗಡುವಿನೊಳಗೆ ಮಾರಲು ಓಡಿದರು. ರೈತನಿಗೆ ಉಳಿದದ್ದು ಸರ್ಕಾರ ಕೊಡುತ್ತದೆಂದು ಗೊತ್ತಿದ್ದ ಕಂಪೆನಿಗಳು ಇನ್ನೂ ಕಡಿಮೆ ಬೆಲೆಗೆ ಕೇಳಿದವು. ಧಾರಣೆ ಪಾತಾಳ ಮುಟ್ಟಿದ್ದು ಈ ಪರಿಹಾರದ ದಿನಗಳಲ್ಲೇ ಎಂಬುದು ವಿಪರ್ಯಾಸ.

ಆಗಸ್ಟ್ ತಿಂಗಳಲ್ಲಿ ಅಮೆರಿಕ ಗಡಿಯನ್ನು ಒಂದು ಅಂಗುಲ ತೆರೆಯಿತು. ಮೂವತ್ತು ತಿಂಗಳೊಳಗಿನ ದನದ ಮಾಂಸವನ್ನು, ಮೂಳೆ ಬಿಡಿಸಿ ಪೆಟ್ಟಿಗೆಗಳಲ್ಲಿ ಕಳಿಸಬಹುದು. ಜೀವಂತ ದನ ಮಾತ್ರ ಬೇಡ. ಇದರ ಅರ್ಥ ಏನಾಯಿತು ನೋಡಿ. ದನ ಗಡಿಯೊಳಗೆ ಸಿಕ್ಕಿಕೊಂಡು ಅಗ್ಗವಾಗಿಯೇ ಉಳಿಯಿತು. ಅದೇ ದನದ ಮಾಂಸ ಗಡಿ ದಾಟಿ ಅಮೆರಿಕದ ಏರಿದ ಬೆಲೆಗೆ ಮಾರಾಟವಾಯಿತು. ನಡುವಿನ ಅಂತರ ಯಾರ ಜೇಬಿಗೆ ಹೋಯಿತೆಂದು ಹೇಳಲು ಪದವಿ ಬೇಕಿಲ್ಲ. ಆಲ್ಬರ್ಟಾದ ಮಹಾಲೇಖಪಾಲರು 2004ರ ಜುಲೈನಲ್ಲಿ ಕೊಟ್ಟ ವರದಿ, ದೊಡ್ಡ ಮಾಂಸ ಕಂಪೆನಿಗಳ ಲಾಭ ಈ ಅವಧಿಯಲ್ಲಿ ಬಹಳವಾಗಿ ಹೆಚ್ಚಿತ್ತು ಎಂದೇ ಹೇಳಿತು. ಕಾನೂನು ಮುರಿದ ಆರೋಪವನ್ನು ಅದು ಹೊರಿಸಲಿಲ್ಲ. ಅದಕ್ಕೂ ಮೊದಲು ಸಂಸತ್ತಿನ ಸಮಿತಿಯೊಂದು ಕಂಪೆನಿಗಳ ಲೆಕ್ಕಪತ್ರ ಕೇಳಿತ್ತು. ಅವು ಕೊಡಲು ಹಿಂದೆಮುಂದೆ ನೋಡುತ್ತಿರುವಾಗಲೇ 2004ರ ಚುನಾವಣೆ ಬಂತು, ಮಾತು ಅಲ್ಲಿಗೇ ನಿಂತಿತು.

ಇಂಥ ಸ್ಥಿತಿಯಲ್ಲಿ ಆಲ್ಬರ್ಟಾದ ಪ್ರೀಮಿಯರ್ ರಾಲ್ಫ್ ಕ್ಲೈನ್ 2003ರ ಸೆಪ್ಟೆಂಬರಿನಲ್ಲಿ ಆಡಿದ ಮಾತು ಭಾರೀ ಗದ್ದಲ ಎಬ್ಬಿಸಿತು. ಮಾನ ಇರುವ ರೈತನಾಗಿದ್ದರೆ ಅಂಥ ಹಸುವನ್ನು ಗುಂಡಿಟ್ಟು ಕೊಂದು, ಹೂತು, ಬಾಯಿ ಮುಚ್ಚಿಕೊಂಡಿರುತ್ತಿದ್ದ ಎಂಬರ್ಥದಲ್ಲಿ ಅವರು ಮಾತಾಡಿದ್ದರು. ಮುಖ್ಯಸ್ಥಾನದಲ್ಲಿರುವವರು ಆಡಬಾರದ ಮಾತು, ನಿಜ. ಆದರೆ ಪ್ರಾಮಾಣಿಕವಾಗಿ ರೋಗ ವರದಿ ಮಾಡಿದ್ದಕ್ಕೆ ಆ ದೇಶಕ್ಕೆ ಸಿಕ್ಕ ಶಿಕ್ಷೆಯನ್ನೂ ಅದು ತೋರಿಸುತ್ತದೆ. ಬ್ರಿಟನ್ನಿನಲ್ಲೂ 1988ರಲ್ಲಿ ರೋಗಪೀಡಿತ ದನಕ್ಕೆ ಅರ್ಧ ಬೆಲೆಯಷ್ಟೇ ಪರಿಹಾರ ಎಂದಾಗ, ರೈತ ರೋಗವನ್ನು ಮುಚ್ಚಿಟ್ಟು ಮಾರಿಬಿಟ್ಟಾನು ಎಂಬ ಟೀಕೆ ಕೇಳಿಬಂದಿತ್ತು. 1990ರ ಫೆಬ್ರುವರಿಯಲ್ಲಿ ಪೂರ್ಣ ಬೆಲೆ ಕೊಡಲು ಒಪ್ಪಿದರು.

ನೂರು ವರ್ಷ ಹಿಂದಿನ ಗೋಡೆ

ಆಲ್ಬರ್ಟಾದವರಿಗೆ ಇದು ಹೊಸದೇನಲ್ಲ ಎಂದು ಹಳೆಯ ದಾಖಲೆಗಳು ಹೇಳುತ್ತವೆ. 1880ರ ದಶಕದಲ್ಲಿ ಅಲ್ಲಿ ದೊಡ್ಡ ದನದ ಹಿಡುವಳಿಗಳು ತಲೆಯೆತ್ತಿದ್ದೇ ಬ್ರಿಟನ್ನಿನ ಮಾರುಕಟ್ಟೆ ನಂಬಿ. ಅಮೆರಿಕದ ದನಗಳಲ್ಲಿ ಶ್ವಾಸಕೋಶದ ಸಾಂಕ್ರಾಮಿಕ ರೋಗವಿದೆಯೆಂದು 1879ರಲ್ಲಿ ಬ್ರಿಟನ್ ಒಂದು ನಿಯಮ ಮಾಡಿತ್ತು. ಅವನ್ನು ಬಂದರಿನಲ್ಲಿ ಇಳಿಸಿದ ಹತ್ತು ದಿನಗಳೊಳಗೆ ಅಲ್ಲಿಯೇ ಕಡಿಯಬೇಕು. ಕೆನಡಾಕ್ಕೆ ಮಾತ್ರ ವಿನಾಯಿತಿ. ಅಲ್ಲಿನ ದನ ಜೀವಂತವಾಗಿ ಒಳನಾಡಿಗೆ ಹೋಗಿ, ಸ್ಕಾಟ್ಲೆಂಡಿನ ರೈತರ ಹುಲ್ಲುಗಾವಲಿನಲ್ಲಿ ಮೇದು ಕೊಬ್ಬಿ, ಒಳ್ಳೆಯ ಬೆಲೆಗೆ ಹೋಗುತ್ತಿತ್ತು.

1892ರಲ್ಲಿ ಕೆನಡಾದಿಂದ ಬಂದ ದನಗಳ ಶ್ವಾಸಕೋಶ ನೋಡಿದ ಬ್ರಿಟಿಷ್ ಪಶುವೈದ್ಯರಿಗೆ ಸಂಶಯ ಬಂತು. ವಿನಾಯಿತಿ ರದ್ದಾಯಿತು. ತಮ್ಮಲ್ಲಿ ಆ ರೋಗವಿಲ್ಲ ಎಂದು ಕೆನಡಾ ಹೇಳುತ್ತಲೇ ಬಂತು. ಅದು ನಿಜವೂ ಆಗಿತ್ತು. 1896ರಲ್ಲಿ ಬ್ರಿಟಿಷ್ ಸಂಸತ್ತು ಈ ತಾತ್ಕಾಲಿಕ ತಡೆಯನ್ನು ಕಾಯಿದೆಯಾಗಿಯೇ ಮಾಡಿಬಿಟ್ಟಿತು. ಕರು ಸಾಕಿ ಮಾರುವ ಇಂಗ್ಲೆಂಡ್, ಐರ್ಲೆಂಡಿನ ರೈತರಿಗೆ ಇದು ಖುಷಿ ಕೊಟ್ಟಿತು. ಕೊಬ್ಬಿಸುವ ಸ್ಕಾಟ್ಲೆಂಡಿನವರು ಪ್ರತಿಭಟಿಸಿದರು. ಒಂದು ರೋಗದ ಹೆಸರಿನಲ್ಲಿ ಒಂದೇ ದೇಶದೊಳಗೆ ಲಾಭದವರು, ನಷ್ಟದವರು ಎಂದು ಎರಡು ಪಂಗಡ! ಈ ಗೋಡೆ ಮೂವತ್ತು ವರ್ಷ ನಿಂತಿತು. 1921ರ ಮಾರ್ಚ್‌ನಲ್ಲಿ ಕೃಷಿ ಸಚಿವ ಸರ್ ಆರ್ಥರ್ ಗ್ರಿಫಿತ್-ಬೊಸ್ಕಾವೆನ್ ಡಡ್ಲಿ ಕ್ಷೇತ್ರದ ಉಪಚುನಾವಣೆಯಲ್ಲಿ ಸೋತದ್ದಕ್ಕೆ, ಈ ತಡೆ ಮಾಂಸದ ಬೆಲೆ ಏರಿಸಿದೆಯೆಂದು ಪತ್ರಿಕೆಗಳಲ್ಲಿ ನಡೆದ ಪ್ರಚಾರವೂ ಒಂದು ಕಾರಣ. ಅದೇ ವರ್ಷ ಲಾರ್ಡ್ ಫಿನ್ಲೆ ಅಧ್ಯಕ್ಷತೆಯ ರಾಯಲ್ ಕಮಿಷನ್, ತಡೆಗೆ ಆಧಾರವಿಲ್ಲವೆಂದಿತು. 1922ರ ಕಾಯಿದೆಯಿಂದ ಅದು ತೆರವಾಯಿತು.

ರೋಗ ತಡೆಯಲೆಂದು ಕಟ್ಟಿದ ಗೋಡೆಯ ನೆರಳಿನಲ್ಲಿ ಯಾರಿಗಾದರೂ ತಂಪು ಸಿಕ್ಕಿದರೆ, ರೋಗ ಹೋದ ಮೇಲೂ ಗೋಡೆ ಕೆಡವುವುದು ಕಷ್ಟ. 2003ರಲ್ಲೂ ಆದದ್ದು ಇದೇ.

ಹಬ್ಬದ ಮುನ್ನಾದಿನಗಳಲ್ಲಿ

ಕೆನಡಾದ ದನ ಬಾರದ್ದರಿಂದ ಅಮೆರಿಕದ ರೈತರಿಗೆ ಸುಗ್ಗಿಯಾಗಿತ್ತು. 2003ರ ಅಕ್ಟೋಬರಿನಲ್ಲಿ ಅಲ್ಲಿ ಕೊಬ್ಬಿದ ಹೋರಿಯ ಧಾರಣೆ ನೂರು ಪೌಂಡಿಗೆ ನೂರು ಡಾಲರ್ ದಾಟಿ ದಾಖಲೆ ಬರೆಯಿತು. ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ, ಡಿಸೆಂಬರ್ 23ರಂದು, ಅಮೆರಿಕದ ಕೃಷಿ ಕಾರ್ಯದರ್ಶಿ ಆ್ಯನ್ ವೆನೆಮನ್ ಪತ್ರಕರ್ತರನ್ನು ಕರೆದರು. ವಾಷಿಂಗ್ಟನ್ ರಾಜ್ಯದ ಮ್ಯಾಬ್ಟನ್ ಎಂಬ ಊರಿನ ಹಾಲಿನ ಡೇರಿಯೊಂದರ ಹಸುವಿಗೆ ಬಿಎಸ್‌ಇ! ಷಿಕಾಗೋದ ವಾಯಿದಾ ಪೇಟೆಯಲ್ಲಿ ದನದ ದರ ದಿನಕ್ಕೆ ಎಷ್ಟು ಬೀಳಬಹುದೋ ಅಷ್ಟೂ ಬಿದ್ದು ವ್ಯವಹಾರ ನಿಲ್ಲುವಂತಾಯಿತು. ಜಪಾನ್, ಕೊರಿಯಾಗಳು ಈಗ ಅಮೆರಿಕಕ್ಕೂ ಬಾಗಿಲು ಮುಚ್ಚಿದವು. ಜನವರಿಯಲ್ಲಿ ಡಿಎನ್‌ಎ ಪರೀಕ್ಷೆಯಿಂದ ಹೊರಬಿದ್ದ ಸಂಗತಿಯೆಂದರೆ, ಆ ಹಸು ಹುಟ್ಟಿದ್ದು ಆಲ್ಬರ್ಟಾದಲ್ಲಿ.

ಅಮೆರಿಕದ ಬೆಲೆಯೂ ಬಿತ್ತು, ಆದರೆ ಕೆನಡಾದಂತೆ ಪಾತಾಳ ಮುಟ್ಟಲಿಲ್ಲ. ಅಮೆರಿಕ ತಾನು ಬೆಳೆದ ಮಾಂಸದಲ್ಲಿ ಹೊರಗೆ ಮಾರುತ್ತಿದ್ದುದು ಸುಮಾರು ಹತ್ತನೇ ಒಂದಂಶ ಮಾತ್ರ. ಮನೆಯ ಊಟಕ್ಕೆ ಬೆಳೆಯುವವನಿಗೂ ಸಂತೆಗೆ ಬೆಳೆಯುವವನಿಗೂ ಇರುವ ವ್ಯತ್ಯಾಸ ಇದು.

ಜಪಾನಿನ ಜನರ ಅಂಜಿಕೆಗೂ ಕಾರಣವಿತ್ತು. 2001ರ ಸೆಪ್ಟೆಂಬರಿನಲ್ಲಿ ತಮ್ಮದೇ ಚಿಬಾ ಪ್ರಾಂತದಲ್ಲಿ ರೋಗ ಕಂಡ ಮೇಲೆ ಅಲ್ಲಿ ಕಡಿಯುವ ಪ್ರತಿ ದನವನ್ನೂ ಪರೀಕ್ಷಿಸುತ್ತಿದ್ದರು. ಹಾಗಾದರೆ ನಾವೂ ಪ್ರತಿ ದನವನ್ನು ಪರೀಕ್ಷಿಸಿ ಕಳಿಸುತ್ತೇವೆ ಎಂದು ಕ್ಯಾನ್ಸಸ್ ರಾಜ್ಯದ ಕ್ರೀಕ್‌ಸ್ಟೋನ್ ಎಂಬ ಕಂಪೆನಿ 2004ರಲ್ಲಿ ಮುಂದೆ ಬಂತು. ಅಮೆರಿಕದ ಕೃಷಿ ಇಲಾಖೆ ಅನುಮತಿ ಕೊಡಲಿಲ್ಲ. ಎಳೆಯ ದನಗಳಲ್ಲಿ ಆ ಪರೀಕ್ಷೆಗೆ ವೈಜ್ಞಾನಿಕ ಅರ್ಥವಿಲ್ಲವೆಂಬುದು ಇಲಾಖೆಯ ವಾದ. ಒಬ್ಬರು ಪರೀಕ್ಷಿಸಿದರೆ ಎಲ್ಲರೂ ಪರೀಕ್ಷಿಸಬೇಕಾದೀತೆಂಬ ಅಳುಕು ಉಳಿದ ಕಂಪೆನಿಗಳದ್ದು. ಕೋರ್ಟಿಗೆ ಹೋದ ಕಂಪೆನಿ 2008ರಲ್ಲಿ ಮೇಲ್ಮನವಿ ಹಂತದಲ್ಲಿ ಸೋತಿತು. ಗಿರಾಕಿ ಕೇಳಿದ್ದನ್ನು ಕೊಡಲು ಸಿದ್ಧನಿದ್ದ ವ್ಯಾಪಾರಿಗೆ ಅಡ್ಡ ನಿಂತದ್ದು ವ್ಯಾಪಾರ ಸ್ವಾತಂತ್ರ್ಯದ ಮಾತಾಡುವ ದೇಶವೇ.

ಗಡಿ ತೆರೆದ ಮೇಲೆ

ಕೆನಡಾದ ಎಳೆಯ ದನಗಳಿಗೆ 2005ರ ಮಾರ್ಚ್ 7ರಂದು ಗಡಿ ತೆರೆಯಬೇಕಿತ್ತು. ಆರ್-ಕಾಫ್ ಎಂಬ ಅಮೆರಿಕದ ದನಗಾರರ ಸಂಘ ಮೊಂಟಾನಾ ರಾಜ್ಯದ ನ್ಯಾಯಾಲಯಕ್ಕೆ ಹೋಯಿತು. ಗ್ರಾಹಕರ ಆರೋಗ್ಯಕ್ಕೆ ಅಪಾಯ ಎಂಬುದು ಅದರ ದೂರು. ತಮ್ಮ ದನದ ಧಾರಣೆಯ ಚಿಂತೆಯೂ ಅದರಲ್ಲಿ ಬೆರೆತಿತ್ತೆಂದರೆ ತಪ್ಪಾಗದು. ಐದು ದಿನ ಮೊದಲು ತಡೆಯಾಜ್ಞೆ ಸಿಕ್ಕಿತು. ಜುಲೈ 14ರಂದು ಮೇಲಿನ ನ್ಯಾಯಾಲಯ ಅದನ್ನು ತೆಗೆದುಹಾಕಿತು. ನಾಲ್ಕು ದಿನಗಳ ನಂತರ ಮೊದಲ ಲಾರಿ ಗಡಿ ದಾಟಿತು. ಮುದಿ ದನಗಳು ಇನ್ನೂ ಕಾಯಬೇಕಾಯಿತು, 2007ರ ನವೆಂಬರಿನವರೆಗೆ.

ಅಂದಿನಿಂದ ಈ ವ್ಯಾಪಾರದಲ್ಲಿ ಕೆಲವು ನಿಯಮಗಳು ಬದಲಾಗಿವೆ. ನಮ್ಮ ಒಂಗೋಲ್ ತಳಿಯ ರಕ್ತದ ‘ನೆಲೋರೆ’ ದನಗಳನ್ನು ಕೋಟಿಗಟ್ಟಲೆ ಸಾಕುವ ಬ್ರೆಜಿಲ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಮುದಿ ದನವೊಂದಕ್ಕೆ ತಾನಾಗಿ ಹುಟ್ಟುವ ಬಗೆಯ ಬಿಎಸ್‌ಇ ಕಂಡಿತು. ಚೀನಾದ ಜತೆಗಿನ ಒಪ್ಪಂದದಂತೆ ಬ್ರೆಜಿಲ್ ತಾನಾಗಿಯೇ ರಫ್ತು ನಿಲ್ಲಿಸಿತು. ಮಾರ್ಚ್‌ನಲ್ಲಿ, ಸುಮಾರು ಒಂದು ತಿಂಗಳ ಬಳಿಕ, ವ್ಯಾಪಾರ ಮತ್ತೆ ಆರಂಭವಾಯಿತು. ಕೆನಡಾದವರು ಜೀವಂತ ದನ ಕಳಿಸಲು ಎರಡು ವರ್ಷಕ್ಕೂ ಮಿಕ್ಕಿ ಕಾದಿದ್ದರು.

ಆ ಕಾಯುವಿಕೆಯಲ್ಲಿ ಎಷ್ಟು ಮನೆಗಳು ದನ ಬಿಟ್ಟವು? 2006 ಮತ್ತು 2011ರ ಕೃಷಿ ಗಣತಿಗಳ ನಡುವೆ ಕೆನಡಾದಲ್ಲಿ ದನ ಸಾಕುವ ರೈತ ಕುಟುಂಬಗಳ ಹಿಡುವಳಿಗಳು ಸುಮಾರು ಐದನೇ ಒಂದರಷ್ಟು ಕಡಿಮೆಯಾದವು. ಬರ, ಮೇವಿನ ಬೆಲೆ, ರೈತರ ವಯಸ್ಸು ಇವೂ ಕಾರಣಗಳೇ. ಆದರೆ 2003ರ ಸಾಲ ತೀರಿಸಲಾಗದೆ, ಗಡಿ ತೆರೆದು ಬೆಲೆ ಚೇತರಿಸಿಕೊಂಡ ತಕ್ಷಣ ಮಂದೆ ಮಾರಿ ಕೈ ತೊಳೆದುಕೊಂಡವರೂ ಅವರಲ್ಲಿದ್ದರು. ಅವರ ಕೊಟ್ಟಿಗೆಗೆ ಆ ರೋಗ ಒಂದು ದಿನವೂ ಬಂದಿರಲಿಲ್ಲ.